ಎರಡು ಸೆಕೆಂಡಿನ ಸದ್ದು

ಹಾಲಿನ ಡೈರಿಯ ಗೇಟಿನ ಮುಂದೆ ಯಾವ ಗಾಡಿಯೂ ನಿಂತಿರಲಿಲ್ಲ. ಮೇಸ್ತ್ರಿ ಸ್ಕೂಟರಿನಿಂದ ಇಳಿದು, ಸಾಮಾನಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು, ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ಕಣ್ಣು ಹಾಯಿಸಿದ. ಅಷ್ಟುದ್ದದ ಬಿಳಿ ಗಾಡಿ, ಮಂಚ ಒಲೆ ಕಪಾಟು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುವ ಮನೆಗಾಡಿ, ಕಣ್ಣಿಗೆ ಬೀಳದೆ ಹೋಗುವುದು ಸಾಧ್ಯವೇ ಇರಲಿಲ್ಲ. ಆದರೂ ಅವನು ಡೈರಿಯ ಗೋಡೆಯ ಮಗ್ಗುಲಿಗೂ ಹೋಗಿ ಇಣುಕಿ ಬಂದ. ಅಲ್ಲಿ ತೊಳೆದ ಕ್ಯಾನುಗಳನ್ನು ಬೋರಲು ಹಾಕಿದ್ದರು, ಅಷ್ಟೇ. ಕೆಟ್ಟು ನಿಂತ ಆ ಗಾಡಿಯ ಯಜಮಾನರು, ಸರ್ವೇಯರ್, ಫೋನಿನಲ್ಲಿ ಹೇಳಿದ್ದು ಇದೇ ಜಾಗ. ಹಾಲಿನ ಗೇಟು ಎಂದೇ ಹೇಳಿದ್ದರು. ‘ಹಾಲಿನ ಹತ್ರ ತಾನೆ?’ ಎಂದು ಇವನು ಕೇಳಿದ್ದಕ್ಕೆ ಆ ಕಡೆಯಿಂದ ಹೂಂ ಎಂಬಂಥದ್ದೇನೋ ಬಂದಿತ್ತು. ಹೂಂ ಬಂದಿತ್ತೋ, ಇಲ್ಲಾ ಅವರ ಪಕ್ಕದಲ್ಲಿ ಹಾದುಹೋದ ಲಾರಿಯ ಸದ್ದನ್ನೇ ತಾನು ಹೂಂ ಎಂದುಕೊಂಡೆನೋ. ಗೇಟಿನ ಕಾವಲುಗಾರ ಕುರ್ಚಿಯಿಂದ ಏಳದೆ ಏನೋ ಕೇಳಿದ. ಮೇಸ್ತ್ರಿ ನಕ್ಕು, ‘ಹೌದಪ್ಪ, ಈ ವರ್ಷ ಬಿಸಿಲು ಸ್ವಲ್ಪ ಜಾಸ್ತೀನೇ’ ಎಂದ. ಕಾವಲುಗಾರ ಹುಬ್ಬು ಗಂಟಿಕ್ಕಿ ಎದ್ದು ಹತ್ತಿರ ಬಂದು, ಮಗುವಿಗೆ ಹೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ, ‘ಯಾರು ಬೇಕಿತ್ತು ಅಂತ ಕೇಳಿದೆ’ ಎಂದ.

ಯಾರೂ ಬೇಕಿರಲಿಲ್ಲ. ಮೇಸ್ತ್ರಿ ಬಿಸಿಲಿಗೆ ಕಾದ ಸೀಟಿನ ಮೇಲೆ ಕೂತು, ಫೋನು ಕೈಯಲ್ಲಿ ಹಿಡಿದು, ಮತ್ತೆ ಮಾಡಲೇ ಬೇಡವೇ ಎಂದು ಯೋಚಿಸಿದ. ಮತ್ತೆ ಮಾಡಿದರೆ ಮತ್ತೆ ಅದೇ ಸದ್ದು, ಬಟ್ಟೆಯೊಳಗೆ ಸುತ್ತಿಟ್ಟಂಥ ಮಾತು. ಹತ್ತು ದಿನದ ಹಿಂದೆ ಸರ್ವೇಯರ್ ದಂಪತಿ ಶೆಡ್ಡಿಗೆ ಬಂದಾಗ ಎಲ್ಲವೂ ಸರಿಯಾಗಿಯೇ ಇತ್ತಲ್ಲ. ಇತ್ತೆ? ನಿವೃತ್ತರಾದ ಮೇಲೆ ಆ ಹಳೆಯ ಮನೆಗಾಡಿ ಕೊಂಡು ಗಂಡ ಹೆಂಡತಿ ಆರು ತಿಂಗಳಿಂದ ಊರೂರು ತಿರುಗುತ್ತಿದ್ದರು. ಸರ್ವೇಯರ್ ನೋಟ್‌ಬುಕ್ಕು ಬಿಚ್ಚಿ, ಗಾಡಿ ಎಷ್ಟೆಷ್ಟು ಕಿಲೋಮೀಟರಿಗೆ ಮುಗ್ಗರಿಸಿತು, ಎಂಥ ಏರಿನಲ್ಲಿ ಉಸಿರು ಬಿಟ್ಟಿತು, ಆರಿದ ಮೇಲೆ ಎಷ್ಟು ನಿಮಿಷಕ್ಕೆ ಮತ್ತೆ ಹೊರಟಿತು ಎಂದು ಓದಿ ಹೇಳಿದ್ದರು. ಮೇಸ್ತ್ರಿ ಅರ್ಧ ಕೇಳಿಸಿಕೊಂಡು ಪೂರ್ತಿ ತಲೆಯಾಡಿಸಿದ್ದ. ಅಂಥ ವಿವರ ಅವನಿಗೆ ಎಂದೂ ಬೇಕಾಗಿರಲಿಲ್ಲ. ಈ ಗಾಡಿಗಳಲ್ಲಿ ಪೆಟ್ರೋಲ್ ಪಂಪು ಟ್ಯಾಂಕಿನ ಒಳಗೇ ಮುಳುಗಿ ಕೂತಿರುತ್ತದೆ. ಕೀ ತಿರುಗಿಸಿದೊಡನೆ, ಎಂಜಿನ್ ಶುರುವಾಗುವ ಮುಂಚೆ, ಬರೇ ಎರಡು ಸೆಕೆಂಡು ಅದು ಗುಂಯ್ ಎಂದು ಸುಮ್ಮನಾಗುತ್ತದೆ. ಆ ಎರಡು ಸೆಕೆಂಡಿಗಾಗಿ ಅವನು ಮೂವತ್ತು ವರ್ಷ ಗಾಡಿಗಳ ಕೆಳಗೆ ಅಂಗಾತ ಮಲಗಿದ್ದಾನೆ. ಸದ್ದಿದ್ದರೆ ಪಂಪು ಜೀವಂತ, ಬೇರೆ ಕಡೆ ಹುಡುಕು. ಗೊರಗೊರ ಎಂದರೆ ಇನ್ನೊಂದು ತಿಂಗಳು. ಇಲ್ಲವೇ ಇಲ್ಲವೆಂದರೆ ಟ್ಯಾಂಕು ಇಳಿಸು. ಬೇರೆಯವರು ಪ್ರೆಶರ್ ಗೇಜು ಸಿಕ್ಕಿಸಿ, ದೀಪ ಹಿಡಿದು ಒಂದು ಗಂಟೆ ತಡಕಾಡುವುದನ್ನು ಇವನು ಕಿವಿಯೊಡ್ಡಿ ಒಂದು ಕ್ಷಣದಲ್ಲಿ ಹೇಳುತ್ತಿದ್ದ. ಗಾಡಿಯವರು ಅವನಿಗೆ ಕಿವಿ ಮೇಸ್ತ್ರಿ ಎಂದೇ ಹೆಸರಿಟ್ಟಿದ್ದರು. ಆ ಹೆಸರು ಕೇಳಿದಾಗ ಹಿಂದೆಲ್ಲ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಈಗೀಗ ಯಾರಾದರೂ ಹಾಗೆ ಕರೆದರೆ ಕರೆದವನ ಮುಖ ನೋಡುತ್ತಾನೆ, ಅಲ್ಲಿ ನಗೆ ಇದೆಯೋ ಎಂದು. ಆವತ್ತು ಮನೆಗಾಡಿಯ ಕೆಳಗೆ ಅವನಿಗೆ ಏನೂ ಕೇಳಿಸಿರಲಿಲ್ಲ. ಮೂರು ಸಲ ಕೀ ಹಾಕಿಸಿದ್ದ. ಮೂರು ಸಲವೂ ಟ್ಯಾಂಕು ಕಲ್ಲಿನಂತೆ ಸುಮ್ಮನಿತ್ತು. ಎದ್ದು ಕೈ ಒರೆಸಿಕೊಂಡು, ‘ಪಂಪು ಹೋಗಿದೆ ಸಾರ್’ ಎಂದಿದ್ದ. ಎರಡು ದಿನ ಒದ್ದಾಡಿ, ಮಂಚದಷ್ಟು ದೊಡ್ಡ ಟ್ಯಾಂಕನ್ನು ಜಾಕಿನ ಮೇಲೆ ಇಳಿಸಿ, ಹೊಸ ಪಂಪು ಕೂರಿಸಿದ್ದ. ಗಾಡಿ ಹೊರಟಿತ್ತು. ಹೊರಟ ಗಾಡಿ ಈಗ ಎಲ್ಲೋ ನಿಂತಿದೆ, ಎಲ್ಲಿ ಎಂಬುದೂ ಇವನಿಗೆ ತಿಳಿಯದು.

ಕೊನೆಗೆ ಸರ್ವೇಯರ್ ಅವರೇ ಮೆಸೇಜು ಕಳಿಸಿದರು. ‘ಶಾಲೆಯ ಗೇಟು. ಒಂದು ಗಂಟೆಯಾಯಿತು.’ ಶಾಲೆ. ಹಾಲು. ಮೇಸ್ತ್ರಿ ಎರಡೂ ಶಬ್ದಗಳನ್ನು ಬಾಯಲ್ಲೇ ಹೇಳಿಕೊಂಡು ನೋಡಿದ. ತನ್ನ ಬಾಯಿಂದ ಬಂದಾಗ ಎರಡೂ ಬೇರೆ ಬೇರೆಯಾಗಿಯೇ ಇದ್ದವು.

ಮನೆಗಾಡಿ ಶಾಲೆಯ ಗೇಟಿಗೆ ಸರಿಯಾಗಿ ಅಡ್ಡ ನಿಂತಿತ್ತು. ಆಟದ ಬಯಲಿನಲ್ಲಿ ಡ್ರಿಲ್ ಮೇಷ್ಟ್ರು ಬಾಯಿಗೆ ಸೀಟಿ ಇಟ್ಟುಕೊಂಡು ಕೆನ್ನೆ ಉಬ್ಬಿಸಿದರು. ಓಡಾಡುತ್ತಿದ್ದ ಮಕ್ಕಳೆಲ್ಲ ಒಟ್ಟಿಗೆ ನಿಂತುಬಿಟ್ಟವು. ಮೇಸ್ತ್ರಿ ಗೇಟಿನ ಸರಳು ಹಿಡಿದು ಅದನ್ನೇ ನೋಡಿದ. ಮೇಷ್ಟ್ರ ಕೆನ್ನೆ ಮತ್ತೆ ಉಬ್ಬಿತು, ಮಕ್ಕಳು ಸಾಲುಗಟ್ಟಿದವು. ನಡುವೆ ಏನೂ ಇರಲಿಲ್ಲ. ಯಾರೋ ಬಯಲಿನ ಮೇಲೆ ಗಾಜು ಮುಚ್ಚಿಟ್ಟ ಹಾಗಿತ್ತು.

‘ಶಾಲೆ ಅಂತ ಮೂರು ಸಲ ಹೇಳಿದ್ನಲ್ಲ ಮೇಸ್ತ್ರಿ’ ಎಂದರು ಸರ್ವೇಯರ್. ಕೋಪ ಮಾಡಿಕೊಳ್ಳುವ ಮನುಷ್ಯರಲ್ಲ. ಅಳತೆ ತಪ್ಪಿದ್ದಕ್ಕೆ ಬೇಸರ, ಅಷ್ಟೇ.

‘ದಾರೀಲಿ ಇನ್ನೊಂದು ಗಾಡಿ ಕೆಟ್ಟು ನಿಂತಿತ್ತು ಸಾರ್. ಗೊತ್ತಿರೋರು. ಬಿಟ್ಟು ಬರೋಕಾಗ್ಲಿಲ್ಲ.’

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆ ಇನ್ನೊಂದು ಗಾಡಿ ಕಣ್ಣಿಗೆ ಕಟ್ಟಿತು, ಹಸಿರು ಬಣ್ಣದ್ದು, ಮುಂದಿನ ದೀಪ ಒಡೆದದ್ದು. ಇಂಥ ಎಷ್ಟು ಗಾಡಿಗಳನ್ನು ತಾನು ಈ ಎರಡು ವರ್ಷದಲ್ಲಿ ದಾರಿಯಲ್ಲಿ ನಿಲ್ಲಿಸಿಲ್ಲ. ಅವನು ಚಾಪೆ ಹಾಸಿ ಕೆಳಗೆ ಜಾರಿದ. ‘ಕೀ ಹಾಕಿ ಸಾರ್’ ಎಂದು ಕೂಗಿ ಕಿವಿಯನ್ನು ಟ್ಯಾಂಕಿಗೆ ಒತ್ತಿದ. ತಗಡು ಬಿಸಿಯಾಗಿತ್ತು. ಏನೂ ಇಲ್ಲ. ಹತ್ತು ದಿನದ ಹೊಸ ಪಂಪು. ‘ಇನ್ನೊಂದ್ ಸಲ’ ಎಂದ. ಏನೂ ಇಲ್ಲ. ಒಂದು ಬಗೆಯ ಸಮಾಧಾನವೇ ಆಯಿತು: ಮಾಲು ಕೆಟ್ಟದ್ದು ಬಂದಿದೆ, ತಪ್ಪು ಪಂಪು ತಯಾರಿಸಿದವರದು. ಹೊರಗೆ ಜಾರಿ ಬಂದು, ‘ಹೊಸ ಪಂಪೂ ಹೋದ ಹಾಗಿದೆ ಸಾರ್. ಸದ್ದೇ ಮಾಡ್ತಿಲ್ಲ’ ಎಂದ.

ಸರ್ವೇಯರ್ ಅವರ ಹೆಂಡತಿ ಗಾಡಿಯ ಬಾಗಿಲ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಿ, ‘ಮಾಡ್ತಿದೆಯಲ್ಲ ಮೇಸ್ತ್ರಿಗಳೇ’ ಎಂದರು.

‘ಏನು ಮೇಡಂ?’

‘ಸದ್ದು. ಸಣ್ಣಗೆ ಮಾಡ್ತಿದೆ. ನನಗೆ ಇಲ್ಲಿಗೇ ಕೇಳಿಸ್ತು. ಆವತ್ತು ನಿಮ್ಮ ಶೆಡ್ಡಲ್ಲೂ ಮಾಡ್ತಿತ್ತು. ನಾನು ಹೇಳಿದೆ ನಿಮಗೆ, ಗುಂಯ್ ಅಂತಿದೆಯಲ್ಲ ಅಂತ. ನೀವು ಹೌದು ಹೌದು ಅಂತ ತಲೆ ಆಡಿಸಿದ್ರಿ. ನಿಮಗೆ ಗೊತ್ತಿರುತ್ತೆ ಅಂತ ಸುಮ್ಮನಾದೆ.’

ಅವರು ಮತ್ತೆ ಸೊಪ್ಪಿನ ಕಡೆ ತಿರುಗಿದರು. ಅವರ ದನಿಯಲ್ಲಿ ಚುಚ್ಚುವಂಥದ್ದೇನೂ ಇರಲಿಲ್ಲ, ಇದ್ದಿದ್ದರೆ ಮೇಸ್ತ್ರಿಗೆ ಸುಲಭವಾಗುತ್ತಿತ್ತು. ಅವನು ಏನೋ ಮರೆತವನಂತೆ ಮತ್ತೆ ಕೆಳಗೆ ಜಾರಿದ. ಈ ಸಲ ಕಿವಿಯ ಬದಲು ಅಂಗೈ ಇಟ್ಟ. ಮೇಲಿನಿಂದ ಕೀ ತಿರುಗಿತು. ಅಂಗೈಯ ಕೆಳಗೆ ತಗಡು ನವಿರಾಗಿ ನಡುಗಿತು, ಒಂದು, ಎರಡು, ನಿಂತಿತು. ಬೆಕ್ಕಿನ ಹೊಟ್ಟೆ ಮುಟ್ಟಿದ ಹಾಗೆ. ಅವನು ಕೈ ತೆಗೆಯಲಿಲ್ಲ. ಆವತ್ತೂ ಹೀಗೆಯೇ ನಡುಗಿತ್ತೆ? ಆವತ್ತು ಕೈ ಇಟ್ಟಿರಲಿಲ್ಲ. ಕೈ ಯಾಕೆ ಇಡಬೇಕಿತ್ತು, ಕಿವಿ ಇತ್ತಲ್ಲ. ಆಮೇಲೆ ಅವನು ಮಾಡಿದ್ದೆಲ್ಲ ತಲೆಯಿಲ್ಲದ ಕೈಗಳ ಕೆಲಸ. ಟ್ಯಾಂಕಿನಿಂದ ಹೊರಟ ವೈರುಗಳ ಕಟ್ಟನ್ನು ಹಿಡಿದು ಚಾಸಿಯ ಉದ್ದಕ್ಕೂ ಅಲುಗಿಸುತ್ತ ಹೋದ. ಹಿಂದಿನ ಚಕ್ರದ ಬಳಿ ಎಲ್ಲೋ ಅಲುಗಿಸಿದಾಗ, ಮೇಲೆ ಸರ್ವೇಯರ್ ತಿರುಗಿಸುತ್ತಿದ್ದ ಕೀಗೆ ಎಂಜಿನ್ ಹತ್ತಿಕೊಂಡಿತು. ‘ನಿಧಾನಕ್ಕೆ ಶೆಡ್ಡಿಗೆ ತಗೊಂಡು ಬನ್ನಿ ಸಾರ್, ಪೂರ್ತಿ ನೋಡ್ತೀನಿ’ ಎಂದು ಹೇಳಿ ಅವರ ಮುಖ ನೋಡದೆ ಸ್ಕೂಟರ್ ಹತ್ತಿದ.

ಶೆಡ್ಡಿನ ಅರ್ಧ ಅವನದು, ಇನ್ನರ್ಧ ಹೆಂಡತಿಯದು. ಅವಳು ಲಾರಿ ವ್ಯಾನುಗಳಿಗೆ ಸೀಟ್ ಕವರ್ ಹೊಲಿಯುತ್ತಾಳೆ. ರೆಕ್ಸಿನ್ನಿನ ಸುರುಳಿಗಳ ನಡುವೆ ಅವಳ ಮೆಷಿನ್ನು, ಮೆಷಿನ್ನಿನ ಮುಂದೆ ಅವಳ ಬೆನ್ನು. ಇಪ್ಪತ್ತು ವರ್ಷ ಆ ಮೆಷಿನ್ನಿನ ಟಕಟಕ ಅವನ ತಲೆ ತಿಂದಿತ್ತು. ಹೋದ ವರ್ಷ ಒಂದು ದಿನ, ‘ಏನು, ಹೊಸ ಎಣ್ಣೆ ಹಾಕಿದ್ಯಾ? ಈಗ ಸದ್ದೇ ಇಲ್ಲ’ ಎಂದಿದ್ದ. ಮೆಚ್ಚಿಕೊಂಡೇ ಹೇಳಿದ್ದು. ಅವಳು ಸರಕ್ಕನೆ ತಿರುಗಿ, ‘ಹೌದು, ಕೆಲಸ ಇಲ್ಲ, ಅದಕ್ಕೇ ಸದ್ದಿಲ್ಲ’ ಎಂದು ಎರಡು ದಿನ ಮಾತು ಬಿಟ್ಟಿದ್ದಳು. ಯಾಕೆ ಎಂದು ಅವನಿಗೆ ಅರ್ಥವಾಗಿರಲಿಲ್ಲ. ಈಗಲೂ ಅವಳು ಪೆಡಲ್ ತುಳಿಯುತ್ತಿದ್ದಾಳೆ, ಸೂಜಿ ಮೇಲೆ ಕೆಳಗೆ ಓಡುತ್ತಿದೆ. ಮೇಸ್ತ್ರಿ ಬಾಗಿಲಲ್ಲೇ ನಿಂತು ಆ ಸೂಜಿಯನ್ನು ಇಷ್ಟು ದಿನ ನೋಡಿಯೇ ಇರಲಿಲ್ಲ ಎಂಬಂತೆ ನೋಡಿದ.

ಸರ್ವೇಯರ್ ದಂಪತಿ ಗಾಡಿ ತಂದು ನಿಲ್ಲಿಸಿ ಊಟಕ್ಕೆ ಹೋದರು. ಅವರು ಹೋದದ್ದೇ ತಡ, ಅವನು ಹಿಂದಿನ ಕೋಣೆಗೆ ಹೋಗಿ ತಗಡಿನ ಡ್ರಮ್ಮನ್ನು ಎಳೆದುಕೊಂಡು ಬಂದ. ಗಾಡಿಗಳಿಂದ ಬಿಚ್ಚಿ ತೆಗೆದ ಹಳೆಯ ಪಂಪುಗಳೆಲ್ಲ ಅದರಲ್ಲಿದ್ದವು. ಯಾವುದಕ್ಕಾದರೂ ಬೇಕಾದೀತೆಂದು ಎಸೆಯದೆ ಇಟ್ಟಿದ್ದ. ಎಲ್ಲಕ್ಕಿಂತ ಮೇಲೆ ಮನೆಗಾಡಿಯದು. ಬೇಸಿನ್ನಿಗೆ ಸೀಮೆಎಣ್ಣೆ ಸುರಿದು, ಪಂಪು ಮುಳುಗಿಸಿ, ವೈರು ಹೊಸೆದು ಕಟ್ಟಿ, ದೂರದಲ್ಲಿದ್ದ ಬ್ಯಾಟರಿಗೆ ಮುಟ್ಟಿಸಿದ. ಸೀಮೆಎಣ್ಣೆ ಚಿಮ್ಮಿ ಗೋಡೆಗೆ ಬಡಿಯಿತು. ಅಷ್ಟು ಜೋರು. ಅವನು ವೈರು ಬಿಟ್ಟ, ಮತ್ತೆ ಮುಟ್ಟಿಸಿದ, ಮತ್ತೆ ಚಿಮ್ಮಿತು. ಎರಡನೆಯದನ್ನು ಮುಳುಗಿಸಿದ. ಅದು ತರಕಾರಿ ಸಾಗಿಸುವ ವ್ಯಾನಿನದು. ನಿಜಕ್ಕೂ ಸತ್ತಿತ್ತು, ಅಂಗೈಗೆ ಏನೂ ತಾಕಲಿಲ್ಲ. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಅದನ್ನು ಒರೆಸಿ ಪಕ್ಕಕ್ಕೆ ಮೆತ್ತಗೆ ಇಟ್ಟ. ಮೂರನೆಯದು ಓಡಿತು. ನಾಲ್ಕನೆಯದು ಓಡಿತು. ಐದನೆಯದು ಒಮ್ಮೆ ಓಡಿ ನಿಂತು, ತಟ್ಟಿದ ಮೇಲೆ ಮತ್ತೆ ಓಡಿತು. ಅದನ್ನು ಯಾವ ಕಡೆಗೆ ಇಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ಕೂತ. ಯಾರ್‍ಯಾರ ಗಾಡಿ ಇವೆಲ್ಲ. ನೆನಪಿಸಿಕೊಳ್ಳಲು ಹೋದರೆ ಮುಖಗಳು ಕಲಸಿಹೋಗುತ್ತಿದ್ದವು: ಹೊಸ ಪಂಪು ಹಾಕಿದ ಮೇಲೂ ಏರಿನಲ್ಲಿ ನಿಲ್ಲುತ್ತದೆ ಎಂದು ವಾಪಸ್ಸು ಬಂದು, ಇವನು ಬೈದು ಕಳಿಸಿದ ಮೇಲೆ ಮತ್ತೆ ಬಾರದೇ ಹೋದ ವ್ಯಾನಿನವನು ಒಬ್ಬನೋ, ಇಬ್ಬರೋ? ‘ನೀನು ಟ್ಯಾಂಕಿನ ತಳ ಮುಟ್ಟೋವರೆಗೂ ಓಡಿಸ್ತೀಯ, ಪೆಟ್ರೋಲ್ ಕಡಿಮೆಯಾದ್ರೆ ಪಂಪು ಸುಡುತ್ತೆ’ ಎಂದು ಅವನಿಗೆ ಪಾಠ ಹೇಳಿದ್ದೇ ಈ ಬಾಯಿಯೋ? ಆ ಮನುಷ್ಯ ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡಿದ್ದ.

ಹೆಗಲ ಮೇಲೆ ಕೈ ಬಿತ್ತು. ಹೆಂಡತಿ. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದಳೋ, ಮುಖ ಕೆಂಪಾಗಿತ್ತು.

‘ಏನ್ರೀ ಇದು ಗಲಾಟೆ? ಅಷ್ಟು ಹೊತ್ತಿಂದ ಕಿರ್ರೋ ಅಂತಿದೆ. ತಲೆ ಸಿಡೀತಿದೆ ನಂಗೆ.’

ಬೇಸಿನ್ನಿನಲ್ಲಿ ಆರನೆಯ ಪಂಪು ಓಡುತ್ತಿತ್ತು. ಮೇಸ್ತ್ರಿ ಅದನ್ನು ನೋಡಿದ, ಅವಳನ್ನು ನೋಡಿದ. ಎಣ್ಣೆಯ ಮೇಲ್ಮೈಯಲ್ಲಿ ಸಣ್ಣ ಸಣ್ಣ ಸುಕ್ಕುಗಳು ಎದ್ದು ಅಂಚಿಗೆ ಹೋಗಿ ಸಾಯುತ್ತಿದ್ದವು. ಅವನ ಮಟ್ಟಿಗೆ ಶೆಡ್ಡು ನಿದ್ದೆ ಹೋದಂತಿತ್ತು.

‘ಜೋರಾಗಿದೆಯಾ?’ ಎಂದ.

‘ಮತ್ತೆ?’ ಎಂದಳು ಅವಳು. ಅವನು ತಮಾಷೆ ಮಾಡುತ್ತಿಲ್ಲವೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಬಗ್ಗಿ ಬ್ಯಾಟರಿಯ ವೈರು ಕಿತ್ತಳು. ‘ಈಗ?’

‘ಎರಡೂ ಒಂದೇ ನಂಗೆ’ ಎಂದ ಮೇಸ್ತ್ರಿ.

ಅವಳು ಕಿತ್ತ ವೈರನ್ನು ಕೆಳಗಿಟ್ಟಳು. ಏನಾದರೂ ಹೇಳಿದಳೋ. ಅವನು ಎದ್ದು, ಮೊಣಕಾಲಿನ ಧೂಳು ಕೊಡವಿ, ‘ಬಾ ಸ್ವಲ್ಪ. ಈ ಗಾಡಿ ಕೆಳಗೆ ಬಂದು ಕೇಳಿ ಹೇಳು. ಅವರು ಬರೋದ್ರೊಳಗೆ’ ಎಂದ. ಮೂವತ್ತು ವರ್ಷದಲ್ಲಿ ಅವಳನ್ನು ಗಾಡಿಯ ಕೆಳಗೆ ಕರೆದದ್ದು ಇದೇ ಮೊದಲು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಾಪೆಯ ಮೇಲೆ ಮಲಗಿ, ಅಡ್ಡಡ್ಡ ಜಾರುತ್ತ ಬಂದಳು. ಇಬ್ಬರೂ ಟ್ಯಾಂಕಿನ ಕೆಳಗೆ ಅಕ್ಕಪಕ್ಕ ಮಲಗಿದರು. ಹಿಂದಿನ ಚಕ್ರದ ಬಳಿ ವೈರನ್ನು ಚಾಸಿಗೆ ಬಿಗಿದಿದ್ದ ಸ್ಕ್ರೂ ತುಕ್ಕು ಹಿಡಿದು ಹಪ್ಪಳವಾಗಿತ್ತು. ಮೇಸ್ತ್ರಿ ಟಾರ್ಚು ಬಿಟ್ಟು ನೋಡಿದ. ಇಷ್ಟೇ. ಕರೆಂಟು ವಾಪಸ್ಸು ಹೋಗುವ ದಾರಿ ಮುಚ್ಚಿತ್ತು. ಬಿಸಿಯಾದಾಗ ಪಂಪು ಸೊರಗುತ್ತಿತ್ತು, ಆರಿದಾಗ ಎಚ್ಚರಾಗುತ್ತಿತ್ತು. ಬಿಡಿಸಿ ಉಜ್ಜಿ ಕಟ್ಟಿದರೆ ಕಾಲು ಗಂಟೆಯ ಕೆಲಸ. ಆವತ್ತು ಅಲ್ಲಿ ಸದ್ದು ಇತ್ತೋ ಇಲ್ಲವೋ, ಸೊರಗಿದ ಪಂಪಿನ ಅಷ್ಟು ಸಣ್ಣ ಸದ್ದು ಒಳ್ಳೆ ಕಿವಿಗೂ ಕೇಳಿಸುತ್ತಿತ್ತೋ ಇಲ್ಲವೋ ಎಂದು ಅವನ ಮನಸ್ಸು ಇನ್ನೂ ವಾದ ಹೂಡುತ್ತಿತ್ತು. ಉಪ್ಪುಕಾಗದದಿಂದ ಉಜ್ಜತೊಡಗಿದ.

‘ಯಾವಾಗಿಂದ?’ ಎಂದಳು ಹೆಂಡತಿ. ಇಷ್ಟು ಹತ್ತಿರದಲ್ಲಿ, ಟಾರ್ಚಿನ ಬೆಳಕಿನಲ್ಲಿ, ಅವಳ ತುಟಿ ಕಾಣುತ್ತಿತ್ತು. ಮಾತು ಪೂರ್ತಿ ಬರುತ್ತಿತ್ತು.

‘ಎರಡು ವರ್ಷ ಆಗಿರ್ಬೇಕು. ಗೊತ್ತಿಲ್ಲ.’

ಅವಳು ಟ್ಯಾಂಕಿನ ತಳವನ್ನೇ ನೋಡುತ್ತ ಮಲಗಿದ್ದಳು. ಆಮೇಲೆ ಅವನ ಕಡೆ ತಿರುಗಿದಳು. ‘ಹಾಗಾದ್ರೆ ಅಕ್ಕನ ವಿಷಯ ಕೇಳಿದಾಗ ನಿಮಗೆ ಕೇಳಿಸಿರ್ಲಿಲ್ಲ.’

ಉಜ್ಜುತ್ತಿದ್ದ ಕೈ ನಿಂತಿತು. ಅವಳ ಅಕ್ಕ, ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು, ಮದುವೆ ಮಾಡಿಕೊಳ್ಳದೆ ಒಬ್ಬಳೇ ಇದ್ದವಳು, ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಈಗ ಎರಡು ಬಸ್ಸು ಬದಲಾಯಿಸಿ ಹೋಗಬೇಕಾದ ಒಂದು ವೃದ್ಧಾಶ್ರಮದಲ್ಲಿದ್ದಾಳೆ.

‘ಮೂರು ಸಲ ಕೇಳಿದೆ ನಾನು. ಬಟ್ಟೆ ಒಣಗಿಸ್ತಾ ಒಂದ್ ಸಲ. ಊಟ ಬಡಿಸಿ ಒಳಗೆ ಹೋಗ್ತಾ ಒಂದ್ ಸಲ. ಆಮೇಲೆ ಇಲ್ಲಿ, ಶೆಡ್ಡಲ್ಲಿ. ನೀವು ಒಂದು ಸಲಾನೂ ಬಾಯಿ ಬಿಡ್ಲಿಲ್ಲ. ಬೇಡ ಅಂತಾದ್ರೂ ಅನ್ನಬಹುದಿತ್ತಲ್ಲ, ಗೋಡೆ ಹತ್ರ ಮಾತಾಡಿದ ಹಾಗಾಯ್ತಲ್ಲ ಅಂತ ನಾನು...’ ಅವಳ ಮುಖದಲ್ಲಿ ಎರಡು ವರ್ಷದಿಂದ ಬಿಗಿದಿದ್ದ ಏನೋ ಒಂದು ನಿಧಾನವಾಗಿ ಸಡಿಲವಾಗುತ್ತಿತ್ತು. ‘ಎಂಥಾ ಮನುಷ್ಯನ ಕೈ ಹಿಡಿದೆ ಅಂತ ಅಂದ್ಕೊಂಡುಬಿಟ್ಟಿದ್ದೆ. ನಿಮಗೆ ಕೇಳಿಸಿರ್ಲೇ ಇಲ್ಲ.’

ಬಟ್ಟೆಯ ಹಗ್ಗ ಅವನಿಗೆ ನೆನಪಿರಲಿಲ್ಲ. ಊಟದ ಹೊತ್ತೂ ನೆನಪಿರಲಿಲ್ಲ. ಅವೆರಡನ್ನೂ ಎಷ್ಟು ಕೆದಕಿದರೂ ಖಾಲಿ. ಆದರೆ ಶೆಡ್ಡು? ಲಾರಿಯೊಂದರ ಟ್ಯಾಂಕು ಕಟ್ಟುತ್ತಿದ್ದ. ಎಂಜಿನ್ ಆರಿತ್ತು, ರಸ್ತೆಯಲ್ಲಿ ಗಾಡಿಗಳಿರಲಿಲ್ಲ. ಅವಳು ಎಡಗಡೆ, ಇಷ್ಟೇ ಹತ್ತಿರ ಬಂದು ನಿಂತಿದ್ದಳು. ‘ಅಕ್ಕನ್ನ ಕರ್ಕೊಂಡು ಬಂದ್ಬಿಡ್ಲಾ? ಹಿಂದಿನ ರೂಮು ಸಾಕು ಅಂತಾಳೆ.’ ಅಷ್ಟೂ ಕೇಳಿಸಿತ್ತು. ಕೇಳಿಸಿತ್ತೆ, ಇಲ್ಲಾ ಈಗ ಅವಳು ಹೇಳಿದ ಮೇಲೆ ತಾನೇ ಮಾತು ಕಟ್ಟಿಕೊಳ್ಳುತ್ತಿದ್ದೇನೆಯೇ? ಇಲ್ಲ. ಹಿಂದಿನ ರೂಮು ಎಂದು ಅವಳು ಈಗ ಹೇಳಲಿಲ್ಲ. ಆಗಲೇ ಬಿಗಿದಿದ್ದ ನಟ್ಟಿನ ಮೇಲೆ ಪಾನಾ ಇಟ್ಟು ಅವನು ಮತ್ತೊಮ್ಮೆ ಎಳೆದಿದ್ದ, ಒಳಗಿನ ಸುತ್ತುಗೆರೆ ಸವೆದು ನಟ್ಟು ಗಿರ್ರನೆ ತಿರುಗಿಬಿಟ್ಟಿತ್ತು. ಕೋಣೆ ಕೊಡಲಾರೆ ಎಂದಲ್ಲ ಅವನು ಉತ್ತರಿಸದೆ ಇದ್ದದ್ದು. ಹಿಂದೊಮ್ಮೆ ಮನೆಗೆ ಬಂದಾಗ ಆ ಅಕ್ಕ ಅವನ ಬೆನ್ನ ಹಿಂದೆ ಚಮಚ ಬೀಳಿಸಿ, ಅವನು ತಿರುಗದಿದ್ದುದನ್ನು ನೋಡಿ, ಏನೂ ಅನ್ನದೆ ಬಗ್ಗಿ ಎತ್ತಿಕೊಂಡಿದ್ದಳು. ಬೇಕೆಂದೇ ಬೀಳಿಸಿದಳೋ, ಕೈ ಜಾರಿತೋ, ಅವನಿಗೆ ಇವತ್ತಿಗೂ ತಿಳಿಯದು. ಆದರೆ ಅಂಥವಳು ಮನೆಯಲ್ಲೇ ಇದ್ದರೆ ಒಂದು ವಾರದಲ್ಲಿ ಎಲ್ಲರಿಗೂ ಗೊತ್ತಾಗಿಬಿಡುತ್ತದೆ ಎಂದು ಆಗ ಅನ್ನಿಸಿತ್ತು. ಕೇಳಿಸುವುದಿಲ್ಲ ಎಂಬುದನ್ನು ಮುಚ್ಚಿಡಲು ಕೇಳಿಸದವನ ಹಾಗೆ ನಿಂತಿದ್ದ. ಈಗ ಇವಳು ಒಂದು ಬಾಗಿಲು ತೆರೆದು ಹಿಡಿದಿದ್ದಾಳೆ. ಒಂದು ಹೂಂ ಅಂದರೆ ಸಾಕು. ಮೂರೂ ಸಲಕ್ಕೆ ಒಂದೇ ಹೂಂ. ಯಾರೂ ಪರೀಕ್ಷೆ ಮಾಡಿ ನೋಡಲಾರರು; ಅವನಿಗೇ ಇನ್ನೊಂದು ವರ್ಷಕ್ಕೆ ಅದೇ ನಿಜವಾಗಿಬಿಡಬಹುದು.

‘ಮೂರನೇ ಸಲ ಕೇಳಿಸಿತ್ತು’ ಎಂದ.

ದನಿ ಎಷ್ಟು ಹೊರಟಿತೋ ತಿಳಿಯಲಿಲ್ಲ. ತನ್ನ ದನಿಯ ಅಳತೆ ತಪ್ಪಿ ಬಹಳ ದಿನವಾಗಿತ್ತು. ಅವಳು ಅಲುಗಾಡದೆ ಅವನ ಮುಖ ನೋಡಿದಳು. ಅವನು ಮತ್ತೆ ಹೇಳಿದ, ‘ಶೆಡ್ಡಲ್ಲಿ ಕೇಳಿದ್ದು ನಂಗೆ ಕೇಳಿಸಿತ್ತು.’

ಅವಳು ಮುಖವನ್ನು ಆ ಕಡೆ, ಚಕ್ರದ ಕಡೆ ತಿರುಗಿಸಿಕೊಂಡಳು. ಏನೋ ಹೇಳಿದಳು. ಭುಜ ಅಲುಗಿದ್ದು ಕಂಡಿತು, ಕತ್ತಿನ ನರ ಕಂಡಿತು, ಮಾತು ಉದ್ದವಾಗಿಯೇ ಇತ್ತು. ಬೈದಳೋ, ಅಕ್ಕನ ಹೆಸರು ಹೇಳಿದಳೋ, ಅಳುತ್ತಿದ್ದಳೋ. ಮೇಸ್ತ್ರಿ ಕಾದ. ಅವಳು ಮುಗಿಸಿದಳೆಂದು ತೋರಿದ ಮೇಲೆ, ‘ಏನಂದೆ?’ ಎಂದ.

ಅವಳು ತಿರುಗಿದಾಗ ಕಣ್ಣು ಒದ್ದೆಯಾಗಿರಲಿಲ್ಲ. ‘ಒಂದೇ ಸಲ ಹೇಳೋದು ನಾನು’ ಎಂದಳು, ತುಟಿ ಬಿಡಿಸಿ ಬಿಡಿಸಿ. ಆಮೇಲೆ, ‘ಸ್ಕ್ರೂ ಹಾಕಿ. ಅವರು ಬರ್ತಾರೆ.’

ಅವನು ಸ್ಕ್ರೂ ಬಿಗಿದ. ಉಜ್ಜಿದ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು. ‘ನಾನು ಮೇಲೆ ಹೋಗಿ ಕೀ ಹಾಕ್ತೀನಿ. ಸದ್ದು ಕೇಳಿಸಿದ್ರೆ ಗಾಡಿ ತಳಕ್ಕೆ ಒಂದೇಟು ಹಾಕು, ಕಾಲಿಗೆ ತಾಕುತ್ತೆ ನಂಗೆ’ ಎಂದು ಮರದ ಸುತ್ತಿಗೆಯನ್ನು ಅವಳ ಕೈಗೆ ಕೊಟ್ಟ. ಹೊರಗೆ ಜಾರಿ ಬಂದಾಗ, ಸರ್ವೇಯರ್ ದಂಪತಿ ರಸ್ತೆಯ ಆ ಬದಿಯಲ್ಲಿ ದಾಟಲು ನಿಂತಿದ್ದರು. ಬಂದ ಕೂಡಲೆ ಅವರಿಗೆ ಹೇಳಬೇಕು, ಪಂಪು ಹೋಗಿರಲಿಲ್ಲ ಎಂದು. ಆ ವ್ಯಾನಿನವನನ್ನೂ ಹುಡುಕಬೇಕು, ಒಬ್ಬನೋ ಇಬ್ಬರೋ. ಅವನು ಚಾಲಕನ ಸೀಟು ಹತ್ತಿ ಕೂತು, ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ, ಕೀ ತಿರುಗಿಸಿದ. ಒಂದು. ಎರಡು. ಅಂಗಾಲಿನ ಕೆಳಗೆ ಒಂದೇಟು ಬಂತು, ಸ್ಪಷ್ಟವಾಗಿ. ಇದೆ.

ಅವನು ಕೀ ಆರಿಸಿದ. ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದೇಟು ಬಂತು. ತಡೆದು ಮತ್ತೊಂದು. ಕೀ ಆರಿತ್ತು, ಪಂಪು ಸುಮ್ಮನಾಗಿತ್ತು, ಕೇಳಿಸಲು ಅಲ್ಲಿ ಏನೂ ಉಳಿದಿರಲಿಲ್ಲ. ಇದಕ್ಕೆ ಏನರ್ಥವೆಂದು ಅವರು ಮಾತಾಡಿಕೊಂಡಿರಲಿಲ್ಲ. ಮೇಸ್ತ್ರಿ ಅಂಗಾಲನ್ನು ಇನ್ನಷ್ಟು ಒತ್ತಿ ಹಿಡಿದ. ಮತ್ತೊಂದೇಟು, ಈ ಸಲ ಮೆಲ್ಲಗೆ. ಅವನು ಬಾಗಿಲು ತೆಗೆದು ಇಳಿದು, ಗಾಡಿಯ ಪಕ್ಕದಲ್ಲಿ ನೆಲಕ್ಕೆ ಮೊಣಕಾಲೂರಿ, ಅವಳ ಮುಖ ಕಾಣುವಷ್ಟು ಬಗ್ಗಿದ.